ಕುಂದಾ ಬಿಟ್ಟು ಹೋಗಿ, ಚರಿಗೆ ಒಯ್ಯಿರಿ: ಡೆನ್ಮಾರ್ಕ್‌ನ ಸಣ್ಣ ಊರಿನ ಹೋಟೆಲಿನಲ್ಲಿ ಇಳಿಯುವವರಿಗೆ

ಬೆಳಗಾವಿ ಉದ್ಯಮಬಾಗದ ನಮ್ಮ ಶಾಪ್‌ನಿಂದ ಇಬ್ಬರು ಹುಡುಗರು ಮುಂದಿನ ತಿಂಗಳು ಡೆನ್ಮಾರ್ಕ್‌ಗೆ ಹೊರಟಿದ್ದಾರೆ. ದಿನಾ ಚಾ ಹೊತ್ತಿಗೆ ನನ್ನ ಟೇಬಲ್ ಹತ್ತಿರ ಬಂದು ಒಂದೊಂದೇ ಕೇಳುತ್ತಾರೆ. "ಮ್ಯಾಡಮ್, ಊಟಕ್ಕ ಏನ್ ಸಿಗತೈತ್ರಿ ಅಲ್ಲಿ? ಸಂಡಾಸದಾಗ ನೀರಿನ ವ್ಯವಸ್ಥಾ ಐತೇನ್ರಿ?" ನಾನು ಎರಡು ಸಲ ಹೋಗಿ ಬಂದವಳು. ನಾವು ಮಾಡಿ ಕಳಿಸುವ ವಾಲ್ವ್ ಬಾಡಿಗಳ ಇನ್ಸ್‌ಪೆಕ್ಷನ್‌ಗೆ ಅಂತ 2024ರ ಮೇ ತಿಂಗಳಲ್ಲಿ ಮೂರು ವಾರ, ಮರುವರ್ಷ ಅಕ್ಟೋಬರಿನಲ್ಲಿ ಹತ್ತು ದಿನ. ಎರಡೂ ಸಲ ಇಳಿದದ್ದು ಹನ್ನೆರಡೇ ರೂಮಿನ ಒಂದು ಹೋಟೆಲಿನಲ್ಲಿ. ಹುಡುಗರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೋಪನ್‌ಹೇಗನ್‌ನ ದೊಡ್ಡ ಹೋಟೆಲಿಗೆ ಹೋಗುವವರಿಗೆ ಇದರಲ್ಲಿ ಅರ್ಧ ಬೇಕಾಗೋದಿಲ್ಲ.

ಊರಿನ ಹೆಸರು ಬರೆಯುವುದು ಟೋಂಡರ್ ಅಂತ, ಅನ್ನುವುದು ಟೊನ್ನರ್ ಅಂತ. ಜರ್ಮನಿ ಗಡಿಗೆ ಅಂಟಿಕೊಂಡ ಊರು. 1864ರ ಯುದ್ಧದಲ್ಲಿ ಈ ಸೀಮೆ ಡೆನ್ಮಾರ್ಕಿನ ಕೈತಪ್ಪಿ ಜರ್ಮನ್ನರ ಪಾಲಾಗಿ, 1920ರಲ್ಲಿ ಜನರ ಮತ ಕೇಳಿದ ಮೇಲೆ ಡೆನ್ಮಾರ್ಕಿಗೆ ಮರಳಿತು. ಅಂಗಡಿಗಳಲ್ಲಿ ಡೇನಿಶ್, ಜರ್ಮನ್ ಎರಡೂ ನಡೆಯುತ್ತವೆ. ಖಡೇಬಜಾರಿನಲ್ಲಿ ಕನ್ನಡ, ಮರಾಠಿ ಬೆರೆಸಿ ಚೌಕಾಸಿ ಮಾಡುತ್ತಾ ಬೆಳೆದವಳಿಗೆ ಅದೇನು ಹೊಸದಲ್ಲ.

ಹೊಸದು ಅನಿಸಿದ್ದು ಮುಚ್ಚಿದ ಬಾಗಿಲು.

ಮೊದಲ ಸಲ ನಾನು ತಲುಪಿದ್ದು ಭಾನುವಾರ ರಾತ್ರಿ 9.40ಕ್ಕೆ. ಆಕಾಶದಲ್ಲಿ ಇನ್ನೂ ಬೆಳಕು. ಗಾಳಿ ಮಾತ್ರ ಕಿವಿ ಕೊಯ್ಯುವ ಹಾಗೆ. ಹೋಟೆಲಿನ ಬಾಗಿಲು ದೂಡಿದೆ, ಬೀಗ. ಬೆಲ್ ಒತ್ತಿದೆ, ಯಾರೂ ಇಲ್ಲ. ನಮ್ಮ ಕಡೆ ಲಾಡ್ಜ್‌ನಲ್ಲಿ ಕೌಂಟರ್ ಕೆಳಗೆ ಒಬ್ಬ ಹುಡುಗ ಮಲಗಿರುತ್ತಾನೆ, ಅಲ್ವಾ? ಇಲ್ಲಿ ಆ ಹುಡುಗ ಇಲ್ಲ. ಸಂಜೆ ರಿಸೆಪ್ಷನ್ ಮುಚ್ಚಿದರೆ ಮಾಲೀಕರು ಮನೆಗೆ ಹೋಗುತ್ತಾರೆ. ಗೋಡೆಯ ಮೇಲೆ ಅಂಗೈಯಗಲದ ಒಂದು ಕಬ್ಬಿಣದ ಡಬ್ಬಿ, ಅದಕ್ಕೆ ನಾಲ್ಕು ಅಂಕಿಯ ಕೋಡ್, ಒಳಗೆ ನಿಮ್ಮ ಹೆಸರು ಬರೆದ ಲಕೋಟೆಯಲ್ಲಿ ಕೀ. ಕೋಡ್ ಎರಡು ದಿನ ಮೊದಲೇ ನನ್ನ ಆಫೀಸ್ ಮೇಲ್‌ಗೆ ಬಂದಿತ್ತು. ನಾನು ಓದಿರಲಿಲ್ಲ. ಫೋನ್‌ನಲ್ಲಿ ರೋಮಿಂಗ್ ಡೇಟಾನೂ ಹಾಕಿಸಿರಲಿಲ್ಲ. ಎರಡು ಬ್ಯಾಗ್ ಇಟ್ಟುಕೊಂಡು ಮೆಟ್ಟಿಲ ಮೇಲೆ ಇಪ್ಪತ್ತು ನಿಮಿಷ ಕೂತಿದ್ದೆ. ನಾಯಿ ಅಡ್ಡಾಡಿಸಲು ಬಂದ ಮುದುಕರೊಬ್ಬರು ಬಾಗಿಲ ಮೇಲಿದ್ದ ನಂಬರಿಗೆ ಫೋನ್ ಹಚ್ಚಿ ಕೊಟ್ಟರು. ತಪ್ಪು ಹೋಟೆಲಿನದಲ್ಲ, ನನ್ನದು.

ಅದಕ್ಕೇ ಹುಡುಗರಿಗೆ ಮೊದಲು ಹೇಳಿದ್ದು ಇದು. ಅಲ್ಲಿ ಯಾರೂ ನಿಮ್ಮ ಹಿಂದೆ ಬಿದ್ದು ಬೇಕು ಬೇಡ ವಿಚಾರಿಸೋದಿಲ್ಲ. ಕೇಳಿದ್ದನ್ನು ಮಾತ್ರ ತಪ್ಪದೆ ಮಾಡಿಡುತ್ತಾರೆ. ಹಾಗಾಗಿ ಹೊರಡುವ ವಾರ ಮೊದಲೇ ಒಂದು ಮೇಲ್ ಹಾಕಿ, ಕೇಳಬೇಕಾದ್ದೆಲ್ಲ ಒಂದೇ ಸಲ ಕೇಳಿಬಿಡಿ. ನಾನು ಕೇಳುವುದು ಹೀಗೆ: ನಾನು ಇಂಥ ದಿನ ಇಷ್ಟು ಗಂಟೆಗೆ ಬರುತ್ತೇನೆ, ಆಗ ರಿಸೆಪ್ಷನ್ ತೆರೆದಿರುತ್ತದೆಯೇ, ಇಲ್ಲದಿದ್ದರೆ ಕೋಡ್ ಏನು? ಬಾತ್‌ರೂಮ್ ರೂಮಿನೊಳಗಿದೆಯೇ, ಕಾರಿಡಾರಿನಲ್ಲಿದೆಯೇ? ಲಿಫ್ಟ್ ಇದೆಯೇ? ನಾನು ಮಾಂಸ, ಮೀನು, ಕೋಳಿ ತಿನ್ನೋದಿಲ್ಲ, ರಾತ್ರಿ ಊಟಕ್ಕೆ ಏನಾದರೂ ಸಿಗುತ್ತದೆಯೇ? ಅಡುಗೆಮನೆ ಯಾವ ದಿನ ರಜೆ? ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಇದೆಯೇ? ಕೋಡ್ ಬಂದ ಮೇಲೆ ಅದನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟ್ ಒಳಗಿಡಿ. ಫೋನನ್ನು ನಂಬಬೇಡಿ.

ಮೀನು, ಕೋಳಿ ಎರಡರ ಹೆಸರನ್ನೂ ಬಿಡಿಸಿ ಬರೆಯುವುದಕ್ಕೆ ಕಾರಣ ಇದೆ. ಬರೀ ವೆಜ್ ಅಂದರೆ ಕೆಲವರ ಲೆಕ್ಕದಲ್ಲಿ ಮೀನು ನಡೆಯುತ್ತದೆ.

ದಿನಾಂಕದ ಬಗ್ಗೆ ಒಂದು ಮಾತು. ಡೆನ್ಮಾರ್ಕ್ ಜನ ವಾರದ ನಂಬರಿನಲ್ಲಿ ಮಾತಾಡುತ್ತಾರೆ. "42ನೇ ವಾರ ರೂಮ್ ಇಲ್ಲ" ಅಂತ ಉತ್ತರ ಬರಬಹುದು. ಅದು ಅಕ್ಟೋಬರಿನಲ್ಲಿ ಬರುವ ಶಾಲೆ ರಜೆ, ಎಲ್ಲ ಕಡೆ ರಶ್. ಪ್ರೊಡಕ್ಷನ್ ಪ್ಲ್ಯಾನ್ ನೋಡುವ ನಮ್ಮ ಹುಡುಗರಿಗೆ ಇದು ಬೇಗ ತಿಳಿಯಿತು. ಟೊನ್ನರ್‌ಗೇ ಹೋಗುವವರಾದರೆ ಆಗಸ್ಟ್ ಕೊನೆಯ ವಾರವನ್ನೂ ತಪ್ಪಿಸಿ, ಆಗ ಊರಿನ ಸಂಗೀತ ಉತ್ಸವ ಇರುತ್ತದೆ. ವಸಂತದಲ್ಲಿ, ಮತ್ತೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಊರಾಚೆಯ ಜೌಗು ಬಯಲಿಗೆ ಲಕ್ಷಗಟ್ಟಲೆ ಸ್ಟಾರ್ಲಿಂಗ್ ಹಕ್ಕಿ ಬರುತ್ತವೆ. ಸೂರ್ಯ ಮುಳುಗುವ ಹೊತ್ತಿಗೆ ಅವು ಒಟ್ಟಾಗಿ ಹಾರಿದರೆ ಆಕಾಶವೇ ಕಪ್ಪು. ಅದಕ್ಕೆ ಅವರು ಇಟ್ಟ ಹೆಸರು ಕಪ್ಪು ಸೂರ್ಯ. ನಾನು ಅಕ್ಟೋಬರಿನಲ್ಲಿ ಹೋದಾಗ ಹೋಟೆಲ್ ತುಂಬಾ ಗಂಬೂಟ್ ಹಾಕಿದ ಜರ್ಮನ್ ಮುದುಕರು. ಒಂದು ಸಂಜೆ ಅವರ ಕಾರಿನಲ್ಲೇ ಜಾಗ ಕೊಟ್ಟು ಕರೆದೊಯ್ದರು. ಆಫೀಸ್ ಕೆಲಸಕ್ಕೆ ಹೋದವರೂ ಅದನ್ನು ನೋಡದೆ ಬರಬೇಡಿ.

ಹೋಟೆಲಿನ ಹೆಸರಿನ ಕೊನೆಗೆ ಕ್ರೋ ಅಂತ ಇದ್ದರೆ ಅದು ಹಳೇ ಕಾಲದ ದಾರಿಹೋಕರ ಛತ್ರದ ಜಾತಿ. 1283ರಲ್ಲಿ ಎರಿಕ್ ಕ್ಲಿಪಿಂಗ್ ಎಂಬ ರಾಜ ಹೆದ್ದಾರಿಗಳಲ್ಲಿ ಇಂಥವು ಇರಲೇಬೇಕು ಅಂತ ಅಪ್ಪಣೆ ಮಾಡಿದ್ದನಂತೆ. ಚೆಂದ ಇರುತ್ತವೆ. ಆದರೆ ಮೆಟ್ಟಿಲು ಕಡಿದು, ತೊಲೆ ತಗ್ಗು. 23 ಕೆಜಿ ಬ್ಯಾಗನ್ನು ನೀವೇ ಹೊರಬೇಕು.

ಈಗ ಬ್ಯಾಗ್ ವಿಷಯ. ಬೆಳಗಾವಿಯಿಂದ ಹೊರಟವರು ಕುಂದಾ ಡಬ್ಬಿ ಇಡದೆ ಇರುತ್ತಾರೆಯೇ? ಇಡಬೇಡಿ. ಹೊರಗಿನ ದೇಶಗಳಿಂದ ಯುರೋಪ್ ಒಕ್ಕೂಟಕ್ಕೆ ಹೋಗುವವರು ಮಾಂಸ, ಹಾಲು ಮತ್ತು ಹಾಲಿನಿಂದ ಮಾಡಿದ್ದನ್ನು ಒಯ್ಯುವ ಹಾಗಿಲ್ಲ. ಕುಂದಾ ಅಂದರೆ ಹಾಲೇ ತಾನೇ. ಪೇಢೆನೂ ಅಷ್ಟೆ, ತುಪ್ಪದ ಡಬ್ಬಿನೂ ಅಷ್ಟೆ. ಕರಿಬೇವು, ಹಸಿಮೆಣಸಿನಕಾಯಿ, ಮಾವಿನಹಣ್ಣು ಕೂಡ ಬೇಡ. ಗಿಡದಿಂದ ಕಿತ್ತ ಹಸಿ ಪದಾರ್ಥಕ್ಕೆ ಸರ್ಟಿಫಿಕೇಟ್ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ಅನಾನಸ್, ಡೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಅವ್ವ ತೆಂಗಿನಕಾಯಿ ಇಡಲು ಹೋದಾಗ ಕಾನೂನು ಅವಳ ಪರ ಇತ್ತು, ತೂಕ ಇರಲಿಲ್ಲ. ನಾನು ಒಯ್ದದ್ದು ಖಡಕ್ ರೊಟ್ಟಿ ಇಪ್ಪತ್ತು, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಅವಲಕ್ಕಿ, ಶೇಂಗಾ ಉಂಡಿ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಇಡಿ. ಬಟ್ಟೆ ಮಡಿಕೆಯಲ್ಲಿ ಇಟ್ಟದ್ದು ಅಲ್ಲಿ ಹೋದ ಮೇಲೆ ನುಚ್ಚಾಗಿ ಸಿಕ್ಕಿತು. ಉಂಡಿಯನ್ನು ಯಾರಿಗಾದರೂ ಕೊಡುವ ಮುಂಚೆ ಇದರಲ್ಲಿ ಶೇಂಗಾ ಇದೆ ಅಂತ ಹೇಳಿ ಕೊಡಿ. ಅಲರ್ಜಿ ಇದ್ದವರಿಗೆ ಅದು ತಮಾಷೆಯಲ್ಲ.

ವೀಸಾ ಕೆಲಸ ಏಜೆಂಟರು ಮಾಡಿಕೊಡುತ್ತಾರೆ. ಹೋಟೆಲಿನ ಕನ್ಫರ್ಮೇಶನ್‌ನಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇದೆಯೇ ನೋಡಿ. ಪ್ರಯಾಣದ ವಿಮೆ ಕನಿಷ್ಠ 30,000 ಯೂರೋದ್ದು ಬೇಕು. ಕೋಪನ್‌ಹೇಗನ್‌ನಿಂದ ಟೊನ್ನರ್‌ಗೆ ರೈಲಿನಲ್ಲಿ ನಾಲ್ಕೂವರೆ ತಾಸಿನ ಹತ್ತಿರ. ಬ್ರಾಮಿಂಗ್‌ನಲ್ಲಿ ಇಳಿದು ರೀಬೆ ಮೇಲೆ ಹೋಗುವ ಸಣ್ಣ ರೈಲು ಹಿಡಿಯಬೇಕು. ಸೀಟು ಬೇಕಿದ್ದರೆ ಟಿಕೆಟಿನ ಜೊತೆ ಬೇರೆಯಾಗಿ ಕಾದಿರಿಸಬೇಕು.

ರೂಮಿಗೆ ಬಂದಿರಿ ಅಂದುಕೊಳ್ಳಿ. ಕರೆಂಟ್ ನಮ್ಮ ಹಾಗೇ 230 ವೋಲ್ಟ್. ಎರಡು ಸಣ್ಣ ದುಂಡು ಪಿನ್ನಿನ ಮೊಬೈಲ್ ಚಾರ್ಜರ್ ನೇರ ಹೋಗುತ್ತದೆ. ಲ್ಯಾಪ್‌ಟಾಪಿನ ಮೂರು ಪಿನ್ನಿನದು ಹೋಗೋದಿಲ್ಲ, ಅಡಾಪ್ಟರ್ ಒಯ್ಯಿರಿ. ಯುರೋಪಿನಲ್ಲಿ ಪ್ಲಗ್ಗಿಗೆ ಸ್ವಿಚ್ ಇರೋದಿಲ್ಲ ಅಂತ ಯಾರೋ ಹೇಳಿದ್ದನ್ನು ನಂಬಿ ನಾನು ಮೊದಲ ರಾತ್ರಿ ಚಾರ್ಜಿಗೆ ಹಾಕಿ ಮಲಗಿದೆ. ಬೆಳಿಗ್ಗೆ ಫೋನ್ ಸತ್ತಿತ್ತು. ಡೆನ್ಮಾರ್ಕ್‌ನ ಎಷ್ಟೋ ಪ್ಲಗ್ಗುಗಳಿಗೆ ನಮ್ಮ ಹಾಗೇ ಮಗ್ಗುಲಲ್ಲಿ ಸ್ವಿಚ್ ಇರುತ್ತದೆ. ಒತ್ತಿ.

ಜೋಡಿ ಮಂಚಕ್ಕೂ ಎರಡು ಬೇರೆ ಬೇರೆ ದುಪ್ಪಟಿ ಇರುತ್ತವೆ. ಗಂಡ ಹೆಂಡತಿ ಜಗಳಕ್ಕೆ ಅರ್ಧ ಕಾರಣ ಅಲ್ಲೇ ಮುಗಿಯಿತು ನೋಡಿ. ಮೇ ಕೊನೆಗೆ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ, ಬೆಳಗಿನ ಐದಕ್ಕೆ ಮತ್ತೆ ಬಿಸಿಲು. ಪರದೆ ಪೂರ್ತಿ ಎಳೆದು ಮಲಗಿ.

ರೇಡಿಯೇಟರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನಮ್ಮ ಕಸುಬಿಗೆ ಹತ್ತಿರದ್ದು. ಕಿಟಕಿ ಕೆಳಗಿನ ಬಿಳಿ ಕಬ್ಬಿಣದ ಹಲಗೆಗೆ ಒಂದು ತಿರುಗುವ ಗುಬ್ಬಿ ಇರುತ್ತದೆ, ಅದರ ಮೇಲೆ 1ರಿಂದ 5. ಇದು ಫ್ಯಾನಿನ ರೆಗ್ಯುಲೇಟರ್ ಅಲ್ಲ, ಥರ್ಮೋಸ್ಟಾಟ್ ವಾಲ್ವ್. ರೂಮಿನ ಗಾಳಿ ಬೆಚ್ಚಗಾದರೆ ತಾನೇ ಮುಚ್ಚುತ್ತದೆ, ತಣ್ಣಗಾದರೆ ತಾನೇ ತೆರೆಯುತ್ತದೆ. 3ಕ್ಕೆ ಇಟ್ಟರೆ ಸುಮಾರು 20 ಡಿಗ್ರಿ. ಚಳಿ ಅಂತ 5ಕ್ಕೆ ತಿರುವಿದರೆ ಬೇಗ ಬೆಚ್ಚಗಾಗೋದಿಲ್ಲ, ಮಧ್ಯರಾತ್ರಿ ಬೆವರು ಬರುತ್ತದೆ ಅಷ್ಟೆ. ಇನ್ನೊಂದು, ಕಿಟಕಿ ತೆರೆಯುವ ಮುಂಚೆ ಅದನ್ನು ಕಡಿಮೆ ಮಾಡಿ. ಇಲ್ಲದಿದ್ದರೆ ಹೊರಗಿನ ತಣ್ಣನೆ ಗಾಳಿ ವಾಲ್ವಿನ ಮೇಲೆ ಬಿದ್ದು, ಅದು ರೂಮೇ ತಣ್ಣಗಾಯಿತು ಅಂದುಕೊಂಡು ಪೂರ್ತಿ ತೆರೆದುಕೊಳ್ಳುತ್ತದೆ. ನನ್ನ ರೂಮಿನದರ ಮೇಲೆ ಡ್ಯಾನ್‌ಫಾಸ್ ಅಂತ ಅಚ್ಚಿತ್ತು. 1933ರಲ್ಲಿ ಮ್ಯಾಡ್ಸ್ ಕ್ಲಾಸನ್ ಅನ್ನುವವರು ಇದೇ ಸೀಮೆಯ ನೂರ್‌ಬೋರ್‌ನಲ್ಲಿ ಅಪ್ಪ ಅಮ್ಮನ ಹೊಲದ ಮನೆಯಲ್ಲಿ ಶುರು ಮಾಡಿದ ಕಂಪನಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಲೇತ್ ಇಟ್ಟುಕೊಂಡು ಶುರು ಮಾಡಿದವರನ್ನು ಬೆಳಗಾವಿಯಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ ಆ ಗುಬ್ಬಿಯನ್ನು ದಿನಾ ಒಮ್ಮೆ ಸುಮ್ನೆ ಮುಟ್ಟಿ ನೋಡುತ್ತಿದ್ದೆ.

ಇನ್ನು ಸಂಡಾಸ. ನೀರಿನ ಪೈಪ್ ಇರೋದಿಲ್ಲ, ಕಾಗದ ಮಾತ್ರ. ಒಂದು ಪ್ಲಾಸ್ಟಿಕ್ ಮಗ್ ಇಲ್ಲವೇ ಚರಿಗೆ ಬ್ಯಾಗಿನಲ್ಲಿರಲಿ, ನಾಚಿಕೆ ಏನೂ ಬೇಡ. ಹಳೇ ಹೋಟೆಲಿನ ಬಾತ್‌ರೂಮಿನಲ್ಲಿ ಸ್ನಾನಕ್ಕೆ ಬೇರೆ ಗೂಡು ಇರೋದಿಲ್ಲ. ಕಮೋಡು, ಬೇಸಿನ್ ಪಕ್ಕದಲ್ಲೇ ಶವರ್, ನೀರೆಲ್ಲ ನೆಲಕ್ಕೆ. ಗೋಡೆಗೆ ಒಂದು ರಬ್ಬರ್ ಪಟ್ಟಿಯ ಕೋಲು ತೂಗುಹಾಕಿರುತ್ತಾರೆ. ಸ್ನಾನ ಆದ ಮೇಲೆ ನೀವೇ ಅದರಿಂದ ನೀರನ್ನು ಜಾಲರಿಗೆ ಬಳಿಯಬೇಕು. ನಮ್ಮ ಮನೆಗಳಲ್ಲಿ ಫರಸಿ ತೊಳೆದು ನೀರು ಬಳಿಯುವ ಹಾಗೇ. ಟವೆಲ್ ನೆಲಕ್ಕೆ ಹಾಕಿದರೆ ಹೊಸದು ಕೊಡಿ ಅಂತ ಅರ್ಥ, ಕೊಂಡಿಗೆ ಹಾಕಿದರೆ ಇನ್ನೊಂದು ದಿನ ನಡೆಯುತ್ತದೆ ಅಂತ. ಕುಡಿಯುವ ನೀರಿಗೆ ಬಾಟಲಿ ಕೊಳ್ಳಬೇಡಿ. ಬೇಸಿನ್ನಿನ ತಣ್ಣೀರೇ ಕುಡಿಯುವ ನೀರು, ನೆಲದಾಳದಿಂದ ತೆಗೆದದ್ದು, ರುಚಿಯಾಗಿರುತ್ತದೆ.

ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರುತ್ತದೆ, ಏಳರಿಂದ ಒಂಬತ್ತೂವರೆ. ಒಳಗೆ ಹೋದರೆ ಪ್ರತಿ ಟೇಬಲ್ ಮೇಲೆ ಮೇಣದಬತ್ತಿ ಉರಿಯುತ್ತಿತ್ತು. ಕರೆಂಟ್ ಹೋಗಿದೆ ಅಂತಲೇ ನಾನು ಅಂದುಕೊಂಡೆ. ಇಲ್ಲ, ಅದು ಅವರ ರೂಢಿ. ಒಂದು ಉದ್ದ ಮೇಜಿನ ಮೇಲೆ ಎಲ್ಲ ಇಟ್ಟಿರುತ್ತಾರೆ. ತಾಟು ಹಿಡಿದು ಹೋಗಬೇಕು.

ಆ ಮೇಜಿನ ನಡುವೆ, ಬೆಳ್ಳಿ ಹಾಳೆಯ ಚೌಕ ತಟ್ಟೆಯಲ್ಲಿ, ಕಂದು ಬಣ್ಣದ, ಹರಳು ಹರಳಾದ, ಮೇಲೆ ತುಸು ಕೆಂಪಗೆ ಸುಟ್ಟ ಒಂದು ಪದಾರ್ಥ ಬಿಸಿಬಿಸಿ ಹೊಗೆಯಾಡುತ್ತಿತ್ತು. ದೇವರಾಣೆ, ಕುಂದಾ! ಬಿಟ್ಟು ಬಂದದ್ದೇ ಎದುರಿಗೆ ಬಂದ ಹಾಗಾಯಿತು. ದೊಡ್ಡ ಚಮಚ ಒಂದು ತಾಟಿಗೆ ಹಾಕಿಕೊಂಡೆ. ಬಾಯಿಗಿಡುವ ಮುಂಚೆ ವಾಸನೆ ಬೇರೆ ಅನಿಸಿತು. ಬಡಿಸುತ್ತಿದ್ದ ಹುಡುಗಿಯನ್ನು ಕೇಳಿದೆ. ಲೆವರ್‌ಪೊಸ್ತೈ, ಅಂದಳು. ಹಂದಿಯ ಪಿತ್ತಜನಕಾಂಗ ಅರೆದು ಬೇಯಿಸಿದ್ದು. ಡೆನ್ಮಾರ್ಕ್‌ನ ಮಕ್ಕಳು ಶಾಲೆ ಬುತ್ತಿಗೆ ರೊಟ್ಟಿಗೆ ಹಚ್ಚಿಕೊಂಡು ಒಯ್ಯುವುದು ಇದನ್ನೇ. ಆಕೆ ತಾಟು ಬದಲಿಸಿ ಕೊಟ್ಟಳು, ಮಾತಾಡಲಿಲ್ಲ, ನಗಲೂ ಇಲ್ಲ. ನೀವು ಮಾತ್ರ ಕಂದು ಬಣ್ಣದ್ದನ್ನು ಕೇಳದೆ ಮುಟ್ಟಬೇಡಿ.

ಶಾಕಾಹಾರಿಗಳು ಧೈರ್ಯವಾಗಿ ಹಾಕಿಕೊಳ್ಳಬಹುದಾದ್ದು ರೂಬ್ರೋ ಅನ್ನುವ ಕಪ್ಪು ರೈ ಬ್ರೆಡ್. ಮೊದಲ ದಿನ ಒದ್ದೆ ಇಟ್ಟಿಗೆ ಅನಿಸುತ್ತದೆ. ನಾಲ್ಕನೇ ದಿನ ಅದಿಲ್ಲದೆ ಹೊಟ್ಟೆ ತುಂಬೋದಿಲ್ಲ. ತೆಳ್ಳಗೆ ಬೆಣ್ಣೆ, ಮೇಲೆ ಶೇಂಗಾ ಚಟ್ನಿಪುಡಿ. ಜೋಳದ ರೊಟ್ಟಿ ತಿಂದವರಿಗೆ ಆ ಹುಳಿ, ಆ ಗಟ್ಟಿತನ ಬೇಗ ಒಗ್ಗುತ್ತದೆ. ಓಟ್ಸ್ ಗಂಜಿ ಇರುತ್ತದೆ, ಜಾಮ್ ಇರುತ್ತದೆ, ಬ್ರೆಡ್ ಮೇಲೆ ಇಟ್ಟುಕೊಳ್ಳಲು ಕಾಗದದಷ್ಟು ತೆಳು ಚಾಕ್ಲೇಟ್ ಹಾಳೆನೂ ಇರುತ್ತದೆ. ಡ್ಯಾನಿಶ್ ಅಂತ ಜಗತ್ತೆಲ್ಲ ಕರೆಯುವ ಪದರು ಪದರಿನ ಸಿಹಿಯನ್ನು ಅಲ್ಲಿಯವರು ವಿಯೆನ್ನಾ ಬ್ರೆಡ್ ಅನ್ನುತ್ತಾರೆ. ಚೀಸ್ ಕತ್ತರಿಸಲು ತಂತಿ ಬಿಗಿದ ಒಂದು ಹತಾರ ಇಟ್ಟಿರುತ್ತಾರೆ, ಮೇಲಿನಿಂದ ಸಮನಾಗಿ ಎಳೆಯಬೇಕು. ನಾನು ಒಂದೇ ಕಡೆ ಎಳೆದು ಗಡ್ಡೆಯನ್ನು ಇಳಿಜಾರು ಮಾಡಿಟ್ಟಿದ್ದೆ. ನನ್ನ ನಂತರ ಬಂದವರು ಸುಮ್ಮನೆ ಅದನ್ನು ಮಟ್ಟಸ ಮಾಡಿ ಹೋದರು. ಕಟ್ಟುನಿಟ್ಟಿನವರಾದರೆ ಚೀಸ್‌ಗೆ ರೆನೆಟ್, ಅಂದರೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದದ್ದು, ಹಾಕಿದ್ದಾರೆಯೇ ಅಂತಲೂ ಕೇಳಿ.

ಮೊಸರು ಮಜ್ಜಿಗೆ ಇಲ್ಲದೆ ಹೇಗೆ ಅಂತ ಹೆದರಬೇಡಿ. ಅಂಗಡಿಯಲ್ಲಿ ತ್ಯುಕ್‌ಮೆಲ್ಕ್ ಅಂತ ಸಿಗುವುದು ನಮ್ಮ ಮೊಸರಿಗೆ ಹತ್ತಿರ. ಕೆರ್ನೆಮೆಲ್ಕ್ ಅಂದರೆ ಮಜ್ಜಿಗೆಯೇ, ಲೀಟರ್ ಡಬ್ಬಿಯಲ್ಲಿ. ಉಪ್ಪು, ಜೀರಿಗೆ ಪುಡಿ ಹಾಕಿ ಕುಡಿಯುತ್ತಿದ್ದೆ. ಬೇಸಿಗೆಯಲ್ಲಿ ಅವರು ಅದೇ ಮಜ್ಜಿಗೆಗೆ ಸಕ್ಕರೆ, ವೆನಿಲಾ ಹಾಕಿ ಬಿಸ್ಕತ್ತು ಮುರಿದು ತಿನ್ನುತ್ತಾರೆ. ಅದರಲ್ಲಿ ಮೊಟ್ಟೆನೂ ಇರಬಹುದು. ನನಗೆ ಮಜ್ಜಿಗೆಗೆ ಸಕ್ಕರೆ ಅನ್ನುವುದೇ ಒಗ್ಗಲಿಲ್ಲ.

ರಾತ್ರಿ ಊಟ ಬೇಗ. ಎಂಟೂವರೆಗೆ ಅಡುಗೆಮನೆ ಬಂದ್. ಭಾನುವಾರ, ಸೋಮವಾರ ಒಲೆ ಹಚ್ಚದೇ ಇರುವುದೂ ಉಂಟು. ಆವತ್ತು ಪಿಜ್ಜಾ ಅಂಗಡಿ, ಇಲ್ಲವೇ ನೆಟ್ಟೊ, ರೆಮಾ 1000 ತರದ ಸೂಪರ್‌ಮಾರ್ಕೆಟ್. ಈಸ್ಟರ್ ಹಬ್ಬದ ದಿನಗಳಲ್ಲಿ, ಜೂನ್ 5ರ ಸಂವಿಧಾನ ದಿನ ದೊಡ್ಡ ಅಂಗಡಿಗಳೂ ಮುಚ್ಚಿರುತ್ತವೆ, ಹಿಂದಿನ ದಿನವೇ ತಂದಿಡಿ. ಬಾಟಲಿ, ಕ್ಯಾನ್ ಬಿಸಾಡಬೇಡಿ. ಕೊಳ್ಳುವಾಗ ಠೇವಣಿ ಸೇರಿಸಿರುತ್ತಾರೆ, ಗಾತ್ರದ ಮೇಲೆ 1, 1.50 ಇಲ್ಲವೇ 3 ಕ್ರೋನ. ಅಂಗಡಿಯ ಮಷಿನ್ನಿಗೆ ಹಾಕಿದರೆ ವಾಪಸ್ ಬರುತ್ತದೆ. ಒಂದು ಕ್ರೋನ ಅಂದರೆ ಹನ್ನೆರಡು ರೂಪಾಯಿಗೆ ಕಡಿಮೆಯಿಲ್ಲ.

ಕಾರ್ಡ್ ಎಲ್ಲ ಕಡೆ ನಡೆಯುತ್ತದೆ. ಹೊರಡುವ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಬಳಕೆ ಆನ್ ಮಾಡಿ. ಅವರ ಮೊಬೈಲ್‌ಪೇಗೆ ಅಲ್ಲಿಯ ಬ್ಯಾಂಕ್ ಖಾತೆ ಬೇಕು, ನಮಗೆ ದಕ್ಕೋದಿಲ್ಲ. ಟಿಪ್ಸ್ ಕೊಡಲೇಬೇಕು ಅಂತಿಲ್ಲ, ತೆರಿಗೆನೂ ಬರೆದ ಬೆಲೆಯಲ್ಲೇ ಸೇರಿರುತ್ತದೆ. 1, 2, 5 ಕ್ರೋನದ ನಾಣ್ಯಗಳ ನಡುವೆ ತೂತು ಇರುತ್ತದೆ. ನಮ್ಮ ಅಜ್ಜಿ ಉಡಿದಾರಕ್ಕೆ ಪೋಣಿಸಿಟ್ಟಿದ್ದ ತೂತಿನ ಪೈಸೆ ನೆನಪಾಗಿ ಐದಾರು ತಂದಿದ್ದೇನೆ.

ಮಾತಿನ ವಿಷಯ. ನಾವು ಹತ್ತು ವರ್ಷದ ಹುಡುಗನಿಗೂ "ಬರ್ರಿ, ಕೂಡ್ರಿ" ಅನ್ನುವವರು. ಅಲ್ಲಿ ಎಪ್ಪತ್ತು ವರ್ಷದ ಮಾಲೀಕರನ್ನೂ ಬರೀ ಹೆಸರು ಹಿಡಿದು ಕರೆಯಬೇಕು. ಮೂರು ವಾರ ಆದರೂ ನನ್ನ ಬಾಯಿಗೆ ಬರಲಿಲ್ಲ, ಹೆಸರಿನ ಹಿಂದೆ ಮೆಲ್ಲಗೆ ಒಂದು "ರೀ" ಸೇರಿಸುತ್ತಿದ್ದೆ. ಅವರಿಗೆ ಅದು ನನ್ನ ಉಚ್ಚಾರ ಅನಿಸಿರಬೇಕು. ತಾಕ್ ಅಂದರೆ ಧನ್ಯವಾದ. ಆ ಸೀಮೆಯಲ್ಲಿ ಹೊರಡುವಾಗ ಮೊಯ್ನ್ ಅನ್ನುತ್ತಾರೆ. ಊಟ ಆದ ಮೇಲೆ ತಾಕ್ ಫೋರ್ ಮಾಡ್ ಅನ್ನಬೇಕು, ಅಂದರೆ ಊಟಕ್ಕೆ ಧನ್ಯವಾದ. ಕೊನೆಯ ಡ ನಮ್ಮ ಕಿವಿಗೆ ಲ ಅಂತಲೇ ಕೇಳುತ್ತದೆ. ಮಾಂಸಕ್ಕೆ ಅವರು ಅನ್ನುವ ಕೋಡ್ ಕೂಡ ಕೋಲ್ ಅಂದ ಹಾಗೆ. ಊದನ್ ಕೋಲ್ ಅಂದರೆ ಮಾಂಸ ಹಾಕದ್ದು, ಇಷ್ಟು ಕಲಿತರೆ ಹೊಟ್ಟೆಪಾಡು ನಡೆಯುತ್ತದೆ.

ಭಾನುವಾರ ಮಧ್ಯಾಹ್ನ ಹೋಟೆಲಿನಲ್ಲಿ ಕಾಫಿ ಮೇಜು, ಅಂದರೆ ಕಾಫಿ ಜೊತೆ ಬಗೆಬಗೆಯ ಕೇಕ್, ಇದ್ದರೆ ಬಿಡಬೇಡಿ. ಜರ್ಮನ್ ಆಡಳಿತದಲ್ಲಿ ಇಲ್ಲಿಯ ಡೇನಿಶ್ ಜನ ಸೇರಲು ತಮ್ಮದೇ ಸಭಾಮನೆಗಳನ್ನು ಕಟ್ಟಿಕೊಂಡರು. ಅಲ್ಲಿ ಹೆಂಡಕ್ಕೆ ಲೈಸೆನ್ಸ್ ಸಿಗಲಿಲ್ಲ. ಸರಿ, ಕಾಫಿ ಇಟ್ಟರು, ಜೊತೆಗೆ ಮನೆಮನೆಯ ಹೆಂಗಸರು ಕೇಕ್ ತಂದರು, ಪೈಪೋಟಿಯ ಮೇಲೆ. ಈಗಲೂ ಹತ್ತು ಹದಿನಾಲ್ಕು ಬಗೆ ಇಡುತ್ತಾರೆ. ರೈ ಬ್ರೆಡ್ ಪುಡಿಯಿಂದ ಮಾಡಿದ ಕೇಕ್ ನನಗೆ ಹಿಡಿಸಿತು. ಎಲ್ಲದರಲ್ಲೂ ಮೊಟ್ಟೆ ಇರುತ್ತದೆ ಅಂತಲೇ ತಿಳಿಯಿರಿ.

ರೂಮಿನಲ್ಲಿ ಉದಿನಕಡ್ಡಿ ಹಚ್ಚಬೇಡಿ. ಮೇ 10, ಬಸವ ಜಯಂತಿ. ಬೆಳಗಿನ ಆರೂವರೆಗೆ ಸ್ನಾನ ಮಾಡಿ, ಒಂದೇ ಒಂದು ಕಡ್ಡಿ ಹಚ್ಚಿದೆ. ಎರಡು ನಿಮಿಷಕ್ಕೆ ತಲೆ ಮೇಲಿನ ಬಿಳಿ ಬಿಲ್ಲೆ ಕಿರುಚಿಕೊಂಡಿತು, ಕಾರಿಡಾರಿನದು ಅದಕ್ಕೆ ದನಿಗೂಡಿಸಿತು. ಎಲ್ಲರೂ ರಾತ್ರಿ ಬಟ್ಟೆಯಲ್ಲಿ ಅಂಗಳಕ್ಕೆ ಬಂದು ನಿಂತರು. ನಾನು ಕೈಯಲ್ಲಿ ಆರಿಸಿದ ಕಡ್ಡಿ ಹಿಡಿದು, ಹಣೆಯಲ್ಲಿ ವಿಭೂತಿ ಹಚ್ಚಿಕೊಂಡು ನಡುವೆ. ಯಾರೂ ಬೈಯಲಿಲ್ಲ, ಅದೇ ಜಾಸ್ತಿ ಕಷ್ಟ. ಕೆಲವು ಕಡೆ ಅಲಾರಂ ನೇರ ಅಗ್ನಿಶಾಮಕದವರಿಗೇ ಹೋಗುತ್ತದೆ. ಸುಳ್ಳೇ ಕೂಗಿದರೆ ಬರುವ ಬಿಲ್ ಸಾವಿರಾರು ಕ್ರೋನ. ಊಟದ ಮೇಜಿನ ಮೇಲೆ ಅಷ್ಟೊಂದು ಮೇಣದಬತ್ತಿ ಹಚ್ಚುತ್ತೀರಲ್ಲ ಅಂತ ಆಮೇಲೆ ಕೇಳಿದೆ. ಅವು ಹೊಗೆಯಾಡೋದಿಲ್ಲ, ಅಂದರು ಮಾಲೀಕರು. ಸರಿಯಾದ ಮಾತೇ.

ಹೊರಡುವ ದಿನ ಬೆಳಗಿನ ರೈಲಾದರೆ ತಿಂಡಿ ತಪ್ಪುತ್ತದೆ. ಹಿಂದಿನ ಸಂಜೆಯೇ ರಿಸೆಪ್ಷನ್‌ನಲ್ಲಿ ಮ್ಯಾಡ್‌ಪಾಕ್ಕೆ ಬೇಕು ಅಂತ ಹೇಳಿ, ಅಂದರೆ ಬುತ್ತಿ. ಏನು ಹಾಕಬಾರದು ಅನ್ನುವುದನ್ನೂ ಹೇಳಿ. ಬಿಲ್ ಕೂಡ ಆಗಲೇ ಕಟ್ಟಿಬಿಡಿ. ಅಕ್ಟೋಬರಿನ ಕೊನೆಯ ದಿನ ನಾನು ಬೆಳಗಿನ ಐದೂವರೆಗೆ ಕೆಳಗೆ ಬಂದಾಗ ಎಲ್ಲ ಕತ್ತಲೆ, ಒಬ್ಬರೂ ಎದ್ದಿರಲಿಲ್ಲ. ಬಾಗಿಲ ಹಿಡಿಕೆಗೆ ಒಂದು ಕಾಗದದ ಚೀಲ ತೂಗುತ್ತಿತ್ತು, ಮೇಲೆ ಪೆನ್ಸಿಲಿನಲ್ಲಿ ನನ್ನ ರೂಮ್ ನಂಬರು. ಕೀಯನ್ನು ಅದೇ ಕಬ್ಬಿಣದ ಡಬ್ಬಿಗೆ ಹಾಕಿ, ಅಂಕಿ ಕಲಸಿ, ಸ್ಟೇಷನ್ನಿಗೆ ನಡೆದೆ. ರೀಬೆ ದಾಟಿದ ಮೇಲೆ ಚೀಲ ಬಿಚ್ಚಿದೆ. ಎರಡು ಹೋಳು ಕಪ್ಪು ಬ್ರೆಡ್, ನಡುವೆ ಚೀಸ್, ಒಂದು ಸೇಬು. ಡಬ್ಬಿಯ ತಳದಲ್ಲಿ ಉಳಿದಿದ್ದ ಗುರೆಳ್ಳು ಚಟ್ನಿಪುಡಿ ಅದರ ಮೇಲೆ ಉದುರಿಸಿಕೊಂಡೆ.